ಲಗೂನ್ ರೂಮಿನ ತಾಯಿ ಮಗು

ಡಿಯರ್‌ಬಾರ್ನ್, ಮಿಷಿಗನ್
14 ನವೆಂಬರ್ 1971

ಪ್ರೀತಿಯ ಅಕ್ಕನಿಗೆ,

ಇಂದುವಿನ ನಮಸ್ಕಾರ. ನಿನ್ನ ಕಾಗದ ದಸರೆ ಮುಗಿದ ವಾರವೇ ಕೈಸೇರಿತು. ಉತ್ತರ ಬರೆಯುವಷ್ಟರಲ್ಲಿ ದೀಪಾವಳಿಯೂ ಕಳೆದುಹೋಯಿತು. ಬೈದುಕೋ, ಆದರೆ ನೀನೂ ನನ್ನಂತೆ ತಡಮಾಡಬೇಡ. ನಾವಿಬ್ಬರೂ ಚೆನ್ನಾಗಿದ್ದೇವೆ. ಇವರಿಗೆ ಕಾರ್ ಕಂಪನಿಯಲ್ಲಿ ಈಗ ಬ್ರೇಕಿನ ವಿಭಾಗ. ಊಟಕ್ಕೆ ಕೂತರೂ ಬ್ರೇಕಿನದೇ ಮಾತು. ಹೊರಗೆ ಮೊದಲ ಹಿಮ ಬಿದ್ದು ಕರಗಿ ರಸ್ತೆಯೆಲ್ಲ ಕೆಸರಾಗಿದೆ.

ಸತ್ಯ ಸ್ಲೇಟಿನ ಮೇಲೆ ಅಆಇಈ ತಿದ್ದುತ್ತಾನೆ ಎಂದು ಬರೆದಿದ್ದೀಯ. ಆ ಸಾಲನ್ನು ಇವರಿಗೆ ಮತ್ತೆ ಮತ್ತೆ ಓದಿ ಹೇಳಿದೆ. ನಮ್ಮ ಪಕ್ಕದ ಡೆಟ್ರಾಯಿಟ್ ಗಲಭೆಯಲ್ಲಿ ಹೊತ್ತಿ ಉರಿದ ಸುದ್ದಿ ಓದಿದ್ದ ಅಪ್ಪ, ಅಂಥ ಊರಿಗೆ ಹಸುಗೂಸನ್ನು ಕಳಿಸುವುದಿಲ್ಲ ಎಂದು ಹಟ ಹಿಡಿದರು. ಒಂದು ವರ್ಷ ತಾನೇ ಎಂದು ನನ್ನ ಮಗನನ್ನು ನಿನ್ನ ಮಡಿಲಿಗೆ ಹಾಕಿ ನಾನು ವಿಮಾನ ಹತ್ತಿದೆ. ಮಕ್ಕಳಿಲ್ಲದ ಮನೆಗೆ ಸದ್ದು ಬಂತು ಎಂದು ಭಾವನವರು ಎಷ್ಟು ಹಿಗ್ಗಿದ್ದರು. ಆ ಒಂದು ವರ್ಷ ಬೆಳೆಯುತ್ತಲೇ ಇದೆ ನೋಡು. ಒಮ್ಮೆ ಇವರ ಕೆಲಸ ಹೋಯಿತು, ಇನ್ನೊಮ್ಮೆ ನನ್ನ ಆಪರೇಷನ್ ಆಯಿತು.

ಡ್ರಾಯಿಂಗ್ ಹೈಯರ್ ಪರೀಕ್ಷೆ ಪಾಸಾದವಳು ಅಲ್ಲಿ ಹೋಗಿ ಬಟ್ಟೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಾ ನಿಂತೆಯಾ ಎಂದು ಕೇಳಿದ್ದೀಯ. ನಿಂತದ್ದು ನಿಜ. ಆದರೆ ಆ ಕೌಂಟರೇ ನನ್ನ ಕೈಗೆ ಮತ್ತೆ ಕುಂಚ ಕೊಟ್ಟಿತು. ನಮ್ಮ ಅಂಗಡಿಗೆ ಸ್ಟ್ಯಾನ್ ಎಂಬ ವಯಸ್ಸಾದವರೊಬ್ಬರು ಬರುತ್ತಿದ್ದರು. ಪೋಲೆಂಡಿನ ಕಡೆಯವರು, ಯುದ್ಧದ ಕಾಲದಲ್ಲಿ ನೌಕಾದಳದಲ್ಲಿದ್ದು ಪೆಸಿಫಿಕ್ ದ್ವೀಪಗಳನ್ನೆಲ್ಲ ಸುತ್ತಿದವರು. ಬಂದಾಗಲೆಲ್ಲ ಕೊಳ್ಳುವುದು ಕಪ್ಪು ವೆಲ್ವೆಟ್ ಒಂದೇ. ಹೆಂಡತಿಗೆ ಗೌನ್ ಹೊಲಿಸುತ್ತೀರಾ ಎಂದು ಒಮ್ಮೆ ಕೇಳಿದೆ. ಅವರು ನಕ್ಕು, ಹೊರಗೆ ನಿಂತಿದ್ದ ವ್ಯಾನಿನಿಂದ ಒಂದು ಚಿತ್ರ ತಂದು ಕೌಂಟರಿನ ಮೇಲೆ ಇಟ್ಟರು. ಕಗ್ಗತ್ತಲಲ್ಲಿ ಒಂದು ಮುಖ. ಅಗಲ ಬಾಯಿ, ಕಚ್ಚಿದ ಹಲ್ಲು, ಕೆಳಗಿನಿಂದ ಬೆಂಕಿಯ ಬೆಳಕು ಬಿದ್ದಂತೆ ಕೆಂಪು ಗಲ್ಲ.

ಅದನ್ನು ಟಿಕಿ ಎನ್ನುತ್ತಾರೆ, ಆ ದ್ವೀಪಗಳ ಮರದ ದೇವರು. ಇಲ್ಲಿಯವರಿಗೆ ಅದರ ಹುಚ್ಚು. ಹೊರಗೆ ಹಿಮ ಸುರಿಯುವಾಗ ಹೋಗಿ ಕೂರಲೆಂದು ಒಳಗೆಲ್ಲ ಬಿದಿರು, ತೆಂಗಿನ ಗರಿ, ಮಂದ ದೀಪ ಇಟ್ಟ ಹೋಟೆಲುಗಳನ್ನು ಮಾಡಿಕೊಂಡಿದ್ದಾರೆ. ಗೋಡೆಯ ತುಂಬ ಕಪ್ಪು ವೆಲ್ವೆಟ್ಟಿನ ಮೇಲೆ ಬರೆದ ಇಂಥ ದೇವರುಗಳು, ಅಲೆ, ಚಂದ್ರ, ದೋಣಿ. ನಾನೂ ಬರೆಯುತ್ತಿದ್ದೆ ಎಂದು ಬಾಯಿಬಿಟ್ಟದ್ದೇ ತಡ, ಭಾನುವಾರ ಬಾ ಎಂದರು. ಇವರೇ ಡ್ರೈವ್ ಮಾಡಿಕೊಂಡು ಹೋಗಿ ಬಿಟ್ಟರು.

ಕಾಗದದ ಮೇಲೆ ನಾವು ಬೆಳಕನ್ನು ಹಾಗೇ ಬಿಟ್ಟು ನೆರಳನ್ನು ಬರೆಯುತ್ತೇವಲ್ಲ, ಇಲ್ಲಿ ಅದು ತಿರುಗುಮುರುಗು. ಕತ್ತಲೆ ಬಟ್ಟೆಯಲ್ಲೇ ಇದೆ, ಬೆಳಕು ಬಿದ್ದ ಜಾಗವಷ್ಟೇ ನಮ್ಮ ಕೆಲಸ. ಕುಂಚ ಒಣಗಿದೆಯೋ ಎಂಬಷ್ಟು ಕಡಿಮೆ ಬಣ್ಣ ತೆಗೆದುಕೊಂಡು ವೆಲ್ವೆಟ್ಟಿನ ಎಳೆಗಳ ತುದಿಗೆ ಸೋಕಿಸಬೇಕು. ಒತ್ತಿದರೆ ವೆಲ್ವೆಟ್ ಜಡೆಗಟ್ಟುತ್ತದೆ, ತಪ್ಪಿದರೆ ಒರೆಸುವ ಹಾಗಿಲ್ಲ. ನಾನು ಎಷ್ಟು ಬಟ್ಟೆ ಹಾಳುಮಾಡಿದೆನೋ, ಸ್ಟ್ಯಾನ್ ಒಂದು ಸಲವೂ ಮುಖ ಸಿಂಡರಿಸಲಿಲ್ಲ.

ಮೊನ್ನೆ ನನ್ನ ಮೊದಲ ಟಿಕಿ ಮುಗಿಯಿತು. ತುರುವೇಕೆರೆ ಕಡೆ ಅಜ್ಜಿಯ ಊರಿನಲ್ಲಿ ಸೋಮನ ಕುಣಿತದವರು ಆ ದೊಡ್ಡ ಕೆಂಪು ಮುಖ ಹೊತ್ತು ಬಂದಾಗ ನೀನು ನನ್ನ ಬೆನ್ನ ಹಿಂದೆ ಅಡಗುತ್ತಿದ್ದೆ, ನಾನು ಕಣ್ಣು ಪಿಳುಕಿಸದೆ ನೋಡುತ್ತಿದ್ದೆ. ಆ ಸೋಮನ ಕಣ್ಣುಗಳೇ ಇದಕ್ಕೂ ಬಂದುಬಿಟ್ಟವು. ಡೆಟ್ರಾಯಿಟ್‌ನಲ್ಲಿ ಲಗೂನ್ ರೂಮ್ ಎಂಬ ಹೋಟೆಲ್ ನಡೆಸುವ ಲಾವ್ ಎಂಬ ಚೀನೀ ಯಜಮಾನರು ಅದನ್ನು ಬಹಳ ಹೊತ್ತು ನೋಡಿ, ಈ ದೇವರು ಗಿರಾಕಿಗಳನ್ನು ಗಮನಿಸುತ್ತಾನೆ ಎಂದು ಹೇಳಿ ಬಾಗಿಲ ಎದುರಿನ ಗೋಡೆಗೇ ಹಾಕಿಸಿದರು.

ಇದರ ಜೊತೆ ನನ್ನದೊಂದು ಫೋಟೋ ಇಟ್ಟಿದ್ದೇನೆ. ಸತ್ಯನಿಗೆ ತೋರಿಸಿ, ಇವಳು ನಿನ್ನ ಅಮ್ಮ ಎಂದು ಹೇಳುತ್ತಿರು. ಭಾವನವರಿಗೆ ನಮಸ್ಕಾರ. ಕೂಸಿಗೆ ಮುತ್ತು.

ನಿನ್ನ ತಂಗಿ
ಇಂದುಮತಿ

ಡಿಯರ್‌ಬಾರ್ನ್
10 ಫೆಬ್ರವರಿ 1974

ಪ್ರೀತಿಯ ಅಕ್ಕ,

ನಮಸ್ಕಾರ. ಸಂಕ್ರಾಂತಿಗೆ ನೀನು ಕಳಿಸಿದ ಎಳ್ಳು ಬೆಲ್ಲ ಬಂತು. ಪೊಟ್ಟಣ ಒಡೆದು ಬೆಲ್ಲದಲ್ಲೆಲ್ಲ ಬಟ್ಟೆಯ ಎಳೆ ಸೇರಿತ್ತು. ಇವರು ಅದನ್ನೂ ಬಿಡದೆ ಆರಿಸಿ ತಿಂದರು. ಇಲ್ಲಿ ಪೆಟ್ರೋಲಿಗೆ ಬೆಳಗಿನಿಂದಲೇ ಕಾರುಗಳ ಸಾಲು. ಕಂಪನಿಯಲ್ಲಿ ವಾರಕ್ಕೊಮ್ಮೆ ಯಾರನ್ನಾದರೂ ಮನೆಗೆ ಕಳಿಸುತ್ತಿದ್ದಾರೆ. ಇವರ ಹೆಸರು ಇನ್ನೂ ಬಂದಿಲ್ಲ. ಈ ವರ್ಷ ಬಂದು ಸತ್ಯನನ್ನು ಕರೆತರಬೇಕು ಎಂದಿದ್ದೆವು. ಅದು ಮುಂದಿನ ಬೇಸಿಗೆಗೆ ಹೋಯಿತು. ಬರೆಯುವಾಗ ನನಗೇ ನಾಚಿಕೆಯಾಗುತ್ತದೆ.

ಅವನ ಮುಂಬಲ್ಲು ಬಿದ್ದು ಮಾತಾಡುವಾಗ ಗಾಳಿ ಹೋಗುತ್ತದೆ ಎಂದು ಬರೆದಿದ್ದೀಯ. ಇಡೀ ದಿನ ಆ ಸದ್ದನ್ನು ಕೇಳಿಸಿಕೊಳ್ಳಲು ಪ್ರಯತ್ನಪಟ್ಟೆ.

ಸ್ಟ್ಯಾನ್‌ಗೆ ಕಣ್ಣು ಮಂಜಾಗುತ್ತಿದೆ. ಷಿಕಾಗೋ ಹತ್ತಿರ ಸಿಸೆರೋ ಎಂಬಲ್ಲಿ ಮಗಳ ಮನೆಗೆ ಹೋಗಿಬಿಟ್ಟರು. ಹೋಗುವಾಗ ಲಗೂನ್ ರೂಮಿನ ಕೆಲಸವನ್ನೆಲ್ಲ ನನಗೆ ವಹಿಸಿದರು. ಲಾವ್ ಅವರು ಈಗ ಒಂದು ದೊಡ್ಡ ಚಿತ್ರ ಕೇಳಿದ್ದಾರೆ. ಮಕ್ಕಳುಮರಿ ಕರೆದುಕೊಂಡು ಬರುವವರು ಕೂರುವ ಕೋಣೆಯಲ್ಲಿ ಹಲ್ಲು ಕಚ್ಚಿದ ದೇವರು ಬೇಡವಂತೆ, ಮಗುವನ್ನು ಸೊಂಟದಲ್ಲಿ ಎತ್ತಿಕೊಂಡು ನೀರಿನ ಅಂಚಿನಲ್ಲಿ ನಿಂತ ದ್ವೀಪದ ಹೆಂಗಸು ಬೇಕಂತೆ. ಗೋಡೆಯಷ್ಟು ಉದ್ದ. ನಮ್ಮ ಬೇಸ್‌ಮೆಂಟಿನಲ್ಲಿ ಇವರೇ ಮರದ ಚೌಕಟ್ಟು ಮಾಡಿ, ವೆಲ್ವೆಟ್ ಎಳೆದು ಬಿಗಿದುಕೊಟ್ಟರು.

ನೀರು, ಚಂದ್ರ, ತೆಂಗಿನ ಮರ ಎಲ್ಲ ಬೇಗ ಬಂದವು. ಮಗುವಿನ ಹತ್ತಿರ ಕೈ ನಿಂತುಹೋಯಿತು. ನಾನು ಹೊರಡುವ ಮೊದಲು ಸ್ಟುಡಿಯೋದಲ್ಲಿ ತೆಗೆಸಿದ ಫೋಟೋದಲ್ಲಿ ನೀನು ಸತ್ಯನನ್ನು ಎತ್ತಿಕೊಂಡು ನಿಂತಿದ್ದೀಯಲ್ಲ, ಅದನ್ನು ಚೌಕಟ್ಟಿಗೆ ಸಿಕ್ಕಿಸಿಕೊಂಡೆ. ಫೋಟೋ ಇದ್ದರೂ ಮುಖ ಬರಲಿಲ್ಲ. ಆ ಮುಖ ಈಗ ಎಲ್ಲೂ ಇಲ್ಲವಲ್ಲ ಎನ್ನಿಸಿ ಕುಂಚ ಕೆಳಗಿಟ್ಟೆ. ಇವರು ಮೆಟ್ಟಿಲ ಮೇಲೆ ಕಾಫಿ ಲೋಟ ಹಿಡಿದು ಕೂತು ನೋಡುತ್ತಿದ್ದರು. ಮಗು ತಾಯಿಯ ಭುಜಕ್ಕೆ ಮುಖ ಒತ್ತಿಕೊಂಡಿರಲಿ, ನಿದ್ದೆ ಬಂದ ಮಕ್ಕಳು ಹಾಗೇ ತಾನೇ ಇರುವುದು ಎಂದರು. ಹಾಗೇ ಮಾಡಿದೆ. ಒಂದು ಕಿವಿ, ಸ್ವಲ್ಪ ಗಲ್ಲ, ಅಮ್ಮನ ಕತ್ತಿನ ಮೇಲೆ ಇಟ್ಟ ಬೆರಳುಗಳು, ಅಷ್ಟಕ್ಕೆ ಮಾತ್ರ ಬೆಳಕು. ಉಳಿದದ್ದನ್ನು ವೆಲ್ವೆಟ್ಟಿಗೆ ಬಿಟ್ಟೆ. ಹೆಂಗಸಿನ ನಿಲುವು ಮಾತ್ರ ಪೂರ್ತಿ ನಿನ್ನದೇ. ಒಂದು ಕಡೆ ಸೊಂಟ ವಾಲಿಸಿ ನಿಲ್ಲುವುದು ನಿನ್ನನ್ನು ಬಿಟ್ಟರೆ ಇನ್ನಾರು?

ಅಕ್ಕ, ಅವನಿಗೆ ಹೇಳಿದೆಯಾ, ನಾನು ಯಾರೆಂದು? ಸಮಯ ನೋಡಿ ಹೇಳುತ್ತೇನೆ ಎಂದು ನೀನು ಹಿಂದಿನ ಕಾಗದದಲ್ಲಿ ಬರೆದಿದ್ದೆ. ಈ ಸಲ ಆ ವಿಷಯವನ್ನೇ ಎತ್ತಿಲ್ಲ. ಏಕಾಏಕಿ ಹೇಳಿದರೆ ಹೆದರುತ್ತಾನೆ ಎಂಬುದು ನನಗೂ ಗೊತ್ತು. ನಾನು ಬರುವುದರೊಳಗೆ ನಿಧಾನವಾಗಿ ತಿಳಿಸು.

ಭಾವನವರ ಮಂಡಿನೋವು ಹೇಗಿದೆ? ಸತ್ಯನಿಗೆ ಆಶೀರ್ವಾದ.

ನಿನ್ನ
ಇಂದು

ಡಿಯರ್‌ಬಾರ್ನ್
15 ಜೂನ್ 1975

ಪ್ರೀತಿಯ ಅಕ್ಕ,

ಮೈಸೂರಿನಿಂದ ಬಂದು ಇಷ್ಟು ದಿನವಾದರೂ ತಲುಪಿದೆ ಎಂಬ ಒಂದು ಸಾಲನ್ನೂ ಬರೆಯಲಿಲ್ಲ. ನೀನು ದಿನಾ ಪೋಸ್ಟ್‌ಮ್ಯಾನ್ ದಾರಿ ಕಾದಿರುತ್ತೀಯ. ಕ್ಷಮಿಸು. ಸುಖವಾಗಿ ಬಂದೆ. ನೀನು ಕಟ್ಟಿಕೊಟ್ಟ ಚಟ್ನಿಪುಡಿ, ಹಪ್ಪಳ ಎಲ್ಲ ಕಸ್ಟಮ್ಸ್‌ನವರ ಕಣ್ಣು ತಪ್ಪಿಸಿ ಬಂದವು.

ಸತ್ಯನ ಟಿಕೆಟ್ ರದ್ದು ಮಾಡಿಸಿ ನಾನೊಬ್ಬಳೇ ಹೊರಡುತ್ತೇನೆ ಎಂದಾಗ ನೀನು ಯಾಕೆ ಎಂದು ಕೇಳಿದೆ. ಅವನ ಇಂಗ್ಲಿಷ್ ಇಲ್ಲಿನ ಸ್ಕೂಲಿಗೆ ಸಾಲದು, ಇನ್ನೊಂದು ವರ್ಷ ಅಲ್ಲೇ ಓದಲಿ ಎಂದೆ. ನೀನು ಮತ್ತೆ ಕೇಳಲಿಲ್ಲ. ನಿನ್ನ ಮುಖದಲ್ಲಿ ಆಗ ಕಂಡದ್ದು ಸಂತೋಷವೋ ಭಯವೋ ನನಗೆ ತಿಳಿಯಲಿಲ್ಲ.

ಇವರಿಗೆ ನಾನು ಕೊಟ್ಟ ಟೆಲಿಗ್ರಾಂ ಮುಟ್ಟಿದ್ದು ನಾನು ಬಂದ ಮೇಲೆ. ಏರ್‌ಪೋರ್ಟಿನಲ್ಲಿ ಇವರು ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು, ಕೈಯಲ್ಲಿ ಹುಡುಗರ ಬೇಸ್‌ಬಾಲ್ ಟೋಪಿ ಹಿಡಿದು ನಿಂತಿದ್ದರು. ನನ್ನನ್ನು ನೋಡಿ ಕೈ ಎತ್ತಿದರು. ಆಮೇಲೆ ನನ್ನ ಹಿಂದೆ ಬರುತ್ತಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದರು. ಕೊನೆಯವರೂ ಹೊರಗೆ ಬಂದ ಮೇಲೆ, ಎಲ್ಲಿ ಎಂದರು. ಬರುವ ವರ್ಷ ಎಂದೆ. ಸೂಟ್‌ಕೇಸ್ ತೆಗೆದುಕೊಂಡು ಕಾರಿನ ಕಡೆ ನಡೆದರು. ಫ್ರೀವೇಯಲ್ಲಿ ನಮ್ಮ ಎಕ್ಸಿಟ್ ಹತ್ತಿರ ಬಂದಾಗ ಕಾರು ನಿಧಾನ ಮಾಡಿದರು.

"ಅಲ್ಲಿ ಚೆನ್ನಾಗಿದಾನಾ?" ಎಂದು ಆಗ ಕೇಳಿದರು.

"ತುಂಬಾ ಚೆನ್ನಾಗಿದಾನೆ."

"ಸರಿ ಹಾಗಾದ್ರೆ."

ಅವನಿಗೆಂದು ನೀಲಿ ಬಣ್ಣ ಹೊಡೆದ ಕೋಣೆಯ ಬಾಗಿಲನ್ನು ಇವರು ಮುಚ್ಚಲಿಲ್ಲ, ನಾನೂ ಮುಚ್ಚಲಿಲ್ಲ. ಆ ಕೋಣೆಗೆ ಬೆಳಗಿನ ಬಿಸಿಲು ಚೆನ್ನಾಗಿ ಬರುತ್ತದೆ. ಈಗ ನನ್ನ ಹಪ್ಪಳ ಅಲ್ಲಿ ಒಣಗುತ್ತಿದೆ.

ನಾನು ಬಂದ ಮುಂದಿನ ವಾರ ಇವರೇ ಸಿಸೆರೋಗೆ ಹೋಗಿಬರೋಣ ಎಂದು ಕರೆದುಕೊಂಡು ಹೋದರು. ಸ್ಟ್ಯಾನ್‌ಗೆ ಈಗ ಕಣ್ಣು ಪೂರ್ತಿ ಕಾಣುವುದಿಲ್ಲ. ತಾಯಿ ಮಗುವಿನ ಚಿತ್ರವನ್ನು ನಾನು ಬಾಯಲ್ಲೇ ವರ್ಣಿಸಿದೆ. ಎಲ್ಲೆಲ್ಲಿ ಬೆಳಕು ಕೊಟ್ಟೆ, ಎಲ್ಲಿ ನಿಲ್ಲಿಸಿದೆ ಎಂದು ಕೇಳಿಕೇಳಿ ತಿಳಿದುಕೊಂಡರು. ಮಗುವಿನ ಬೆರಳುಗಳ ಮಾತು ಬಂದಾಗ ತಮ್ಮ ಕೈಯನ್ನು ಕತ್ತಿನ ಮೇಲೆ ಇಟ್ಟುಕೊಂಡು, ಹೀಗಾ ಎಂದರು. ಹೌದು, ಹಾಗೇ. ಸಾಕು, ಅದಕ್ಕಿಂತ ಹೆಚ್ಚು ಬರೆದಿದ್ದರೆ ಕೆಡುತ್ತಿತ್ತು ಎಂದರು. ಅವರ ಮಗಳು ಕೊಟ್ಟ ಸೇಬಿನ ಕಡುಬನ್ನು ಇವರು ಬೇಡ ಬೇಡ ಎನ್ನುತ್ತಲೇ ಎರಡು ಸಲ ಹಾಕಿಸಿಕೊಂಡರು.

ಲಗೂನ್ ರೂಮ್ ಜಾಗ ಬದಲಾಯಿಸುತ್ತಿದೆ. ಸಂಜೆಯಾದರೆ ಡೆಟ್ರಾಯಿಟ್ ಒಳಗೆ ಯಾರೂ ಬರುವುದಿಲ್ಲ ಎಂದು ಲಾವ್ ಅವರು ಹೊರವಲಯದಲ್ಲಿ ಹೊಸ ಕಟ್ಟಡ ಹಿಡಿದಿದ್ದಾರೆ. ಚಿತ್ರಗಳನ್ನೆಲ್ಲ ಅಲ್ಲಿಗೆ ಸಾಗಿಸಿದ ದಿನ ನಾನೂ ಹೋಗಿದ್ದೆ. ತಾಯಿ ಮಗುವನ್ನು ಎಲ್ಲಿ ಹಾಕಬೇಕೆಂದು ಕೇಳಿದರು. ಕಿಟಕಿಯಿಂದ ದೂರ, ಬಿಸಿಲು ಬಿದ್ದರೆ ಬಣ್ಣ ಹೋಗುತ್ತದೆ ಎಂದೆ. ಇನ್ನೂ ಕೆಲವು ಟಿಕಿ ಬೇಕಂತೆ, ಹೊಸ ಗೋಡೆಗಳು ಉದ್ದವಾಗಿವೆ. ನಿನ್ನೆ ವೆಲ್ವೆಟ್ ತಂದೆ. ನಾಳೆಯಿಂದ ಕೆಲಸ ಶುರು. ನನ್ನ ಬಗ್ಗೆ ಯೋಚನೆ ಮಾಡಬೇಡ. ಕೈಗೆ ಕೆಲಸವಿದೆ, ಇವರು ಜೊತೆಗಿದ್ದಾರೆ, ಊಟ ನಿದ್ದೆ ಎಲ್ಲ ಸರಿಯಾಗಿದೆ.

ಸ್ಕೂಲು ಶುರುವಾಗಿರಬೇಕು. ಸತ್ಯನಿಗೆ ಲೆಕ್ಕ ಸ್ವಲ್ಪ ಕಷ್ಟ, ಭಾವನವರು ಗದರದೆ ಹೇಳಿಕೊಡಲಿ. ಅವನಿಗೆ ಆಯುಸ್ಸು, ಆರೋಗ್ಯ, ವಿದ್ಯೆ ಎಲ್ಲವನ್ನೂ ದೇವರು ಕೊಡಲಿ. ನಿಮ್ಮಿಬ್ಬರಿಗೂ ನನ್ನ ನಮಸ್ಕಾರಗಳು.

ನಿನ್ನ ತಂಗಿ
ಇಂದು

ತಾ.ಕ.: ಇದನ್ನು ಭಾವನವರಿಗೆ ಓದಿ ಹೇಳಬೇಡ. ನಾನು ಯಾಕೆ ಒಬ್ಬಳೇ ಬಂದೆ ಎಂಬುದು ನಿನಗೊಬ್ಬಳಿಗಾದರೂ ತಿಳಿದಿರಲಿ. ಸತ್ಯ ಮೊದಲ ದಿನದಿಂದ ನನ್ನನ್ನು ಚಿಕ್ಕಮ್ಮ ಎನ್ನುತ್ತಿದ್ದ. ಗೊತ್ತಿದ್ದೂ ನಾಚಿಕೆಗೆ ಹಾಗೆ ಕರೆಯುತ್ತಾನೆ ಎಂದು ನಾನೇ ಸಮಾಧಾನ ಮಾಡಿಕೊಂಡಿದ್ದೆ. ಒಂದು ಮಧ್ಯಾಹ್ನ ನೀನು ಮಾರ್ಕೆಟ್ಟಿಗೆ ಹೋಗಿದ್ದಾಗ, ಅವನ ಬಟ್ಟೆಗಳನ್ನು ಮಡಿಸಿ ಪೆಟ್ಟಿಗೆಗೆ ಇಡುತ್ತಿದ್ದೆ. ಪಕ್ಕದಲ್ಲಿ ಕೂತು ಅವನೂ ಮಡಿಸಿಕೊಟ್ಟ. ಅಳಲಿಲ್ಲ. ತುಂಬ ದಿನ ಯೋಚಿಸಿದವನ ಹಾಗೆ ಕೇಳಿದ: "ಚಿಕ್ಕಮ್ಮ, ಓದೋಕೆ ಅಂತ ನಾನು ಅಮೆರಿಕಾಕ್ಕೆ ಬಂದ್ಬಿಟ್ರೆ ಅಮ್ಮಂಗೆ ಯಾರೂ ಇರಲ್ಲ. ನಿಮಗೆ ಮಕ್ಕಳಿಲ್ವಾ?"

"ಇಲ್ಲ ಕಣೋ" ಎಂದೆ.

ಅವನಿಗೆ ನನ್ನನ್ನು ನೋಡಿ ಪಾಪ ಎನ್ನಿಸಿರಬೇಕು. ನನ್ನ ಕೈ ಮೇಲೆ ಕೈ ಇಟ್ಟು, "ಹಾಗಾದ್ರೆ ರಜಾದಲ್ಲಿ ಬರ್ತೀನಿ" ಎಂದ. ಅವನು ಆಡಲು ಹೋದ ಮೇಲೆ ಬಟ್ಟೆಗಳನ್ನೆಲ್ಲ ತೆಗೆದು ಮತ್ತೆ ಬೀರುವಿನಲ್ಲಿ ಇಟ್ಟೆ.

ನಿನ್ನ ಮೇಲೆ ಕೋಪವಿಲ್ಲ. ನಿನ್ನ ಜಾಗದಲ್ಲಿ ನಾನಿದ್ದರೂ ನಾಲಿಗೆ ಏಳುತ್ತಿರಲಿಲ್ಲ. ಇಷ್ಟು ವರ್ಷ ಹೇಳು, ಹೇಳು ಎಂದು ನಾನೇ ಬರೆದೆ. ಇನ್ನು ಹೇಳಬೇಡ. ನಾನು ಅವನಿಗೆ ಕೊಟ್ಟ ಉತ್ತರ ಸುಳ್ಳಾಗುವುದು ಬೇಡ, ಅಕ್ಕ.