ಎಡಗಾಲು ದಾಟಿತು, ಬಲಗಾಲು ಉಳಿಯಿತು

ವಿದೇಶಗಳಿಗೆ ಕೊಡುವ ನೆರವಿನ ವೆಚ್ಚಕ್ಕೆ ಶಾಸನಸಭೆ ವಿಧಿಸಿದ ಮಿತಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿರುವ ಮಾನ್ಯ ಆಯುಕ್ತರೇ,

ನನ್ನ ತಮ್ಮನ ಕಾರ್ಯಾಗಾರದಲ್ಲಿ ಎಳೆಯ ಮಕ್ಕಳ ಬಲಗಾಲಿನ ಪಾದರಕ್ಷೆಗಳು ತುಂಬಿದ ಪೆಟ್ಟಿಗೆಗಳು ತಮ್ಮ ಕಚೇರಿಯ ಮುದ್ರೆ ಹೊತ್ತು ಕುಳಿತಿವೆ. ಅವುಗಳ ಜೊತೆಯ ಎಡಗಾಲಿನವು ಸಮುದ್ರ ದಾಟಿ ಒಂದು ಬಡ ದೇಶದ ಆಸ್ಪತ್ರೆಯನ್ನು ಸೇರಿಯಾಗಿದೆ. ಇವೆರಡರ ನಡುವೆ ತಮ್ಮ ಮಿತಿ ಬಂದು ನಿಂತಿದೆ. ನನ್ನ ದೂರು ಇಷ್ಟೇ. ತಮ್ಮ ಕಚೇರಿಗೆ ಬಂದು ಹೇಳಿ ಪ್ರಯೋಜನವಾಗದ್ದರಿಂದ ಈಗ ಎಲ್ಲರೆದುರು ಹೇಳುತ್ತಿದ್ದೇನೆ.

ಇವು ತೊಟ್ಟು ಓಡಾಡುವ ಪಾದರಕ್ಷೆಗಳಲ್ಲ. ಕೆಲವು ಶಿಶುಗಳು ಹುಟ್ಟುವಾಗಲೇ ಪಾದ ಒಳಕ್ಕೆ ತಿರುಚಿಕೊಂಡಿರುತ್ತದೆ. ವಾರವಾರವೂ ಹೊಸ ಪ್ಲಾಸ್ಟರ್ ಹಾಕುತ್ತ ಅದನ್ನು ಸ್ವಲ್ಪಸ್ವಲ್ಪವೇ ನೇರಕ್ಕೆ ತರುತ್ತಾರೆ. ಕೊನೆಯ ಪ್ಲಾಸ್ಟರ್ ಬಿಚ್ಚಿದ ಕೂಡಲೇ, ಲೋಹದ ಪಟ್ಟಿಯೊಂದರ ಎರಡು ತುದಿಗೆ ಬಿಗಿದ ಈ ಜೋಡಿಯನ್ನು ತೊಡಿಸಬೇಕು. ತೊಡಿಸದಿದ್ದರೆ ಪಾದ ಹಳೆಯ ದಿಕ್ಕಿಗೇ ಹೊರಳುತ್ತದೆ. ದೋಷವಿರುವುದು ಒಂದೇ ಪಾದದಲ್ಲಾದರೂ ಎರಡು ಕಾಲಿಗೂ ಬೇಕು. ಒಂದು ಕಾಲಿನ ಆಸರೆಯಿಂದಲೇ ಇನ್ನೊಂದು ನೇರವಾಗಿ ನಿಲ್ಲುವಂತೆ ಭಗವಂತನು ನಮ್ಮನ್ನು ಸೃಷ್ಟಿಸಿದ್ದಾನೆ. ಈ ವಿಷಯದಲ್ಲಿ ಅವನು ಶಾಸನಸಭೆಯನ್ನು ಕೇಳಿದಂತೆ ಕಾಣುವುದಿಲ್ಲ.

ಎಡಬಲಗಳನ್ನು ಅಗಲಿಸಿ ಕಳುಹಿಸಿದ ಬುದ್ಧಿವಂತನಾರು ಎಂದು ತಾವು ಕೇಳಬಹುದು. ನನ್ನ ತಮ್ಮನೇ. ಹಿಂದೊಮ್ಮೆ ಇಡೀ ಸರಕು ಬಂದರಿನಲ್ಲಿ ಕಳುವಾಗಿ ಅಲ್ಲಿನ ಸಂತೆಯಲ್ಲಿ ಬಿಕರಿಯಾಗಿತ್ತು. ಅಂದಿನಿಂದ ಎಡಗಾಲಿನವು ಮೊದಲು ಹೋಗುತ್ತವೆ. ಅವು ಆಸ್ಪತ್ರೆ ಮುಟ್ಟಿದ ಸುದ್ದಿ ಬಂದ ಮೇಲಷ್ಟೇ ಬಲಗಾಲಿನವು ಹೊರಡುತ್ತವೆ. “ಅಕ್ಕಾ, ಒಂಟಿಕಾಲಿಂದು ಕದ್ದು ಕಳ್ಳ ಏನ್ ಮಾಡ್ತಾನೆ? ಗೋಡೆಗೆ ನೇತುಹಾಕ್ತಾನಾ?” ಎಂದು ಅವನು ಆಗ ಬೀಗಿದ್ದ. ಪಾಪ, ಕಳ್ಳರನ್ನೆಲ್ಲ ಗಮನದಲ್ಲಿಟ್ಟುಕೊಂಡವನು ಕಾನೂನನ್ನು ಮರೆತ. ಎಡಗಾಲಿನವು ಹಡಗು ಹತ್ತಿದ ಮೇಲೆ ಶಾಸನಸಭೆ ಸೇರಿತು. ಪರದೇಶಕ್ಕೆ ಕೊಡುವ ನೆರವು ಇನ್ನು ಇಷ್ಟಕ್ಕೆ ಸಾಕೆಂದು ಸದಸ್ಯರು ಕೈಯೆತ್ತಿದರು. ಸಾಕಾಯಿತು.

ತಮ್ಮ ಕಚೇರಿಗೆ ನಾನೂ ನನ್ನ ತಮ್ಮನೂ ಬಂದಿದ್ದೆವು. ಕಿಟಕಿಯಾಚೆಯ ಗುಮಾಸ್ತರು ಸೌಜನ್ಯದವರು. ನನಗೆ ಕುರ್ಚಿ ಕೊಡಿಸಿದರು.

“ಮಿತಿ ಮುಗೀತಮ್ಮ. ಇನ್ನು ಒಂದು ಅಂಗಿ ಗುಂಡಿನೂ ಗಡಿ ದಾಟೋ ಹಾಗಿಲ್ಲ.”

“ಮಾಡಿ ಇಟ್ಟಾಗಿದೆಯಪ್ಪ. ಹೊಸದಾಗಿ ಏನೂ ಕೇಳ್ತಿಲ್ಲ.”

“ಮಾಡಿದ್ದು ಬೇರೆ, ಕಳಿಸೋದು ಬೇರೆ. ಕಳಿಸಿದ್ರೆ ಅದು ನೆರವು.”

“ಹಾಗಾದ್ರೆ ನನ್ನ ಖರ್ಚಲ್ಲಿ ನಾನೇ ಹೊತ್ಕೊಂಡು ಹೋಗ್ತೀನಿ.”

“ಸರ್ಕಾರದ ದುಡ್ಡಲ್ಲಿ ಮಾಡಿಸಿದ್ದು, ಸರ್ಕಾರದ ಆಸ್ತಿ ಅಮ್ಮಾ ಅದು. ನೀವು ಎತ್ಕೊಂಡು ಹೋದ್ರೆ ಕಳ್ಳತನ ಆಗತ್ತೆ.”

ನನ್ನ ತಮ್ಮ ಇತ್ತ ತಿರುಗಿ, “ನೋಡು, ಒಂಟಿಕಾಲಿಂದು ಕದಿಯೋ ಕಳ್ಳಿ ಕೊನೆಗೂ ಸಿಕ್ಕಿದ್ಲು” ಎಂದ. ಗುಮಾಸ್ತರೂ ನಕ್ಕರು. ನನಗೆ ನಗು ಬರಲಿಲ್ಲ.

ಮಿತಿಯೇ ಅಧರ್ಮವೆಂದು ನಾನು ವಾದಿಸುತ್ತಿಲ್ಲ. ಜನರ ತೆರಿಗೆ ಎಲ್ಲಿಗೆ, ಎಷ್ಟು ಹೋಗಬೇಕೆಂದು ನಿರ್ಣಯಿಸುವುದು ಶಾಸನಸಭೆಯ ಹಕ್ಕು. ನಮ್ಮ ಬೀದಿಯ ಔಷಧದಂಗಡಿಯಲ್ಲಿ ಬೆಲೆ ಕೇಳಿ ಬರಿಗೈಲಿ ಹಿಂದಿರುಗುವವರನ್ನು ನಾನೂ ಕಂಡಿದ್ದೇನೆ. ಅವರು ಮೊದಲು ನಮ್ಮ ಕಡೆ ನೋಡಿ ಎಂದರೆ ಅದು ಕ್ರೌರ್ಯವಲ್ಲ. ಆದರೆ ದಾನದ ಪರಿಮಾಣವನ್ನು ಕೊಡುವ ಮುನ್ನ ನಿಶ್ಚಯಿಸುವುದು ಬೇರೆ, ಪಡೆಯುವವನು ಕೈಚಾಚಿರುವಾಗ ಅರ್ಧ ಕೊಟ್ಟು ಹಿಂತೆಗೆಯುವುದು ಬೇರೆ. ಹೊಟ್ಟೆ ಕೊಯ್ದ ವೈದ್ಯನು ಹೊಲಿಯುವ ಮೊದಲೇ ದಾರ ಉಳಿಸಲೆಂದು ಎದ್ದು ಹೋದರೆ ಅವನನ್ನು ಮಿತವ್ಯಯಿ ಎನ್ನುವೆವೇ? ಇಷ್ಟಕ್ಕೂ ಉಳಿತಾಯವಾದದ್ದೇನು? ಮುದ್ರೆಯೊತ್ತಿದ ಈ ಪೆಟ್ಟಿಗೆಗಳಿಂದ ನಮ್ಮ ಬೀದಿಯ ಯಾವ ರೋಗಿಗೆ ಔಷಧ ದೊರೆಯಿತು? ಬಲಗಾಲಿನವು ಇಲ್ಲಿ ನಿಷ್ಪ್ರಯೋಜಕ, ಎಡಗಾಲಿನವು ಅಲ್ಲಿ ನಿಷ್ಪ್ರಯೋಜಕ. ದುಂದನ್ನು ತಡೆಯಲು ಹುಟ್ಟಿದ ಶಾಸನ, ಅರ್ಧವೂ ಆಗಿರದಿದ್ದ ದುಂದನ್ನು ಪರಿಪೂರ್ಣಗೊಳಿಸಿತಲ್ಲವೇ?

ಆ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕುವವಳು ನನ್ನ ತಮ್ಮನ ಮಗಳು. ಅಲ್ಲೊಂದು ಹೆಣ್ಣುಕೂಸಿದೆ, ಮಲಗಿದಲ್ಲೇ ಎರಡೂ ಕಾಲನ್ನು ಒಟ್ಟಿಗೆ ಒದೆಯುವುದರಿಂದ ಎಲ್ಲರಿಗೂ ಅದು ಕಪ್ಪೆಮರಿ. ಅದರ ಬಲಪಾದದ ಕೊನೆಯ ಪ್ಲಾಸ್ಟರ್ ಬಿಚ್ಚಿದ್ದಾರೆ. ನಿನ್ನೆ ನಮ್ಮ ಹುಡುಗಿ ಫೋನಿನಲ್ಲಿ ಹೇಳಿದಳು: “ಎಡಗಾಲಿಂದನ್ನೇ ಬಲಗಾಲಿಗೂ ಹಾಕಿ ನೋಡಿದೆ, ಅತ್ತೆ. ಪಾದ ಒಳಗಡೆಗೇ ಎಳೆಯುತ್ತೆ. ನಾವೇ ಕೈಯಾರೆ ಸೊಟ್ಟ ಮಾಡಿದ ಹಾಗೆ. ಬಿಚ್ಚಿಬಿಟ್ಟೆ. ಈಗ ಬಟ್ಟೆ ಸುತ್ತಿ ಕಟ್ತಾ ಇದೀನಿ, ಆದ್ರೆ ಹಿಮ್ಮಡಿ ಮೇಲೇಳೋಕೆ ಶುರುವಾಗಿದೆ.”

“ಮತ್ತೆ ಪ್ಲಾಸ್ಟರ್ ಹಾಕೋಕಾಗಲ್ವೇನೇ?”

“ಪ್ಲಾಸ್ಟರ್ ಎಲ್ಲಿಂದ ಬರ್ತಿತ್ತು ಅಂದ್ಕೊಂಡಿದೀರಿ? ಅದೂ ಅದೇ ಮಿತಿಯೊಳಗೆ.”

ಬಳಿಕ ಇನ್ನೊಂದು ಮಾತು ಹೇಳಿದಳು. ಕಪ್ಪೆಮರಿಯ ತಾಯಿಗೂ ಅದೇ ಪಾದ. ಅವಳ ಕಾಲಕ್ಕೆ ಯಾರೂ ನೇರ ಮಾಡಲಿಲ್ಲ, ಪಾದದ ಅಂಚನ್ನು ಊರಿಯೇ ನಡೆಯುತ್ತಾಳೆ. ಸಾಲಾಗಿ ಜೋಡಿಸಿಟ್ಟ ಎಡಗಾಲಿನ ಪಾದರಕ್ಷೆಗಳನ್ನು ಬಹಳ ಹೊತ್ತು ನೋಡಿ ಅವಳು ಕೇಳಿದಳಂತೆ: “ನಿಮ್ಮ ದೇಶದಲ್ಲಿ ಮಕ್ಕಳಿಗೆ ಒಂದೇ ಕಾಲಾ?” ಕೊಂಕಿನಿಂದಲ್ಲ, ತಿಳಿಯದೆಯೇ ಕೇಳಿದ್ದು.

ಆಯುಕ್ತರೇ, ಆರಂಭವಾಗಿ ಅಪೂರ್ಣವಾಗಿರುವ ಕಾರ್ಯವನ್ನು ಮಿತಿಯಿಂದ ಹೊರಗಿಡುವ ಅಧಿಕಾರ ಅದೇ ಶಾಸನದಲ್ಲಿ ತಮಗಿದೆಯೆಂದು ತಮ್ಮ ಗುಮಾಸ್ತರೇ ತಗ್ಗಿದ ದನಿಯಲ್ಲಿ ತಿಳಿಸಿದರು. ಅದನ್ನು ಇಂದೇ ಚಲಾಯಿಸಿ, ಮುದ್ರೆ ಒಡೆಸಿ, ಪೆಟ್ಟಿಗೆಗಳನ್ನು ಮೊದಲ ಹಡಗಿಗೆ ಏರಿಸಿ. ಮುಂದಿನ ವರ್ಷ ಏನನ್ನೂ ಕೊಡಬೇಡಿ; ಅದು ತಮಗೂ ಶಾಸನಸಭೆಗೂ ಬಿಟ್ಟದ್ದು. ಇಷ್ಟೂ ಆಗದೆಂದಾದರೆ, ಆ ತಾಯಿಯ ಪ್ರಶ್ನೆಗೆ ತಾವೇ ಸ್ವಹಸ್ತದಲ್ಲಿ ಉತ್ತರ ಬರೆದು ಕಳುಹಿಸಿ. ನಮ್ಮ ಹುಡುಗಿ ಅದನ್ನು ಅವಳ ಭಾಷೆಯಲ್ಲಿ, ಒಂದಕ್ಷರವನ್ನೂ ಬಿಡದೆ, ಮಗುವಿನ ಎದುರಿನಲ್ಲೇ ಓದಿ ಹೇಳುತ್ತಾಳೆ.

ಇಂತಿ,
ದೇವರಿಗೆ ಮೊರೆಯಿಟ್ಟೇ ಅಭ್ಯಾಸವಾಗಿ, ಕಚೇರಿಗೆ ಮೊರೆಯಿಡುವುದನ್ನು ಈ ವಯಸ್ಸಿನಲ್ಲಿ ಕಲಿಯುತ್ತಿರುವ
ಒಬ್ಬ ಮುದುಕಿ