ಎರಡನೇ ಅಂಕದ ತಾಯಿ

ಹಲಸೂರು
೪ ಮಾರ್ಚ್ ೧೯೪೬

ನಾಟಕ ಕಂಪನಿಯ ಮಾಲೀಕರಾದ ಮುನಿಆಂಜನಪ್ಪನವರಿಗೆ ಪಟಾಲಮ್ಮನ ನಮಸ್ಕಾರಗಳು.

ನಾಯಕಿಯ ಪಾತ್ರವನ್ನು ಹೊಸ ಹುಡುಗಿಗೆ ಕೊಟ್ಟು ನನ್ನನ್ನು ನಾಯಕನ ತಾಯಿಯನ್ನಾಗಿ ಮಾಡಿದ್ದೀರಿ. ನನಗೆ ಮೂವತ್ತೆಂಟು. ನನ್ನ ಮಗನಾಗುವ ಶ್ರೀರಾಮಪ್ಪನವರಿಗೆ ಐವತ್ತು ದಾಟಿದೆ. ಅದಕ್ಕೆ ನನ್ನ ತಕರಾರಿಲ್ಲ. ಕೂದಲಿಗೆ ಬಿಳಿ ಬಳಿದುಕೊಳ್ಳುತ್ತೇನೆ.

ಮೊನ್ನೆ ಶನಿವಾರದ ಆಟದಲ್ಲಿ ನನ್ನ ಕಾಲಿಗೆರಗಿದ ಅವರಿಗೆ ಮಂಡಿನೋವಿನಿಂದ ಮೇಲೇಳಲಾಗಲಿಲ್ಲ. "ನಿಧಾನ, ಮಗನೇ" ಎಂದು ಕೈಹಿಡಿದು ಎಬ್ಬಿಸಿದೆ. ಹೆಂಗಸರ ಕಡೆಯಿಂದ ಎದ್ದ ನಗು ನಿಮಗೂ ಕೇಳಿಸಿರಬೇಕು. ಎರಡನೇ ಅಂಕದ ಕೊನೆಗೆ, ಪುಸ್ತಕದಲ್ಲಿರುವಂತೆ, ಮಗನ ಚಿಂತೆಯಲ್ಲೇ ಸತ್ತೆ. ಯಾರೂ ಅಳಲಿಲ್ಲ.

ಆಟ ಮುಗಿದ ಮೇಲೆ ಕೃಷ್ಣರಾಜಪುರದಿಂದ ಗಾಡಿ ಕಟ್ಟಿಕೊಂಡು ಬಂದಿದ್ದ ಹೆಂಗಸರು ಪರದೆಯ ಹಿಂದೆ ಬಂದರು. ಅವರಲ್ಲೊಬ್ಬ ಮುದುಕಿ, "ಗಟ್ಟಿಮುಟ್ಟಾಗೇ ಇದ್ದೆ, ಯಾಕಮ್ಮ ಸತ್ತೋದೆ? ಮಗನ್ ಮದ್ವೆ ಮಾಡಿದ್ಮೇಲೆ ನಾನು ಎರಡು ಹಸ ಕಟ್ಕೊಂಡು ಬದುಕ್ಲಿಲ್ವಾ?" ಎಂದಳು.

ಆದ್ದರಿಂದ ಒಂದು ಕೋರಿಕೆ: ತಾಯಿ ಬದುಕಿರಲಿ. ಹೊಸ ಮಾತು ಬರೆಸುವ ಅಗತ್ಯವಿಲ್ಲ. ಮೂರನೇ ಅಂಕದಲ್ಲಿ ಅವಳು ಏನು ಮಾಡುತ್ತಾಳೆಂದು ನನಗೆ ಗೊತ್ತು. ಆ ಹೆಂಗಸರು ಬರುವ ಶನಿವಾರ ನೆರೆಹೊರೆಯವರನ್ನೂ ಕರೆತರುತ್ತಾರಂತೆ. ಅಂದು ನಾನು ಸಾಯುವುದಿಲ್ಲ. ಪರದೆ ಎಳೆಯುವವರಿಗೆ ದಯವಿಟ್ಟು ಮೊದಲೇ ತಿಳಿಸಿ.

ಇತಿ, ನಿಮ್ಮ ಕಂಪನಿಯಲ್ಲೇ ಉಳಿಯಬಯಸುವ
ಪಟಾಲಮ್ಮ