ಮಾದರಿಗೆ ತೋರಿಸಿದ ಕಾಗದ

ಹಿಂದೂಪುರ
ಮಾರ್ಚ್ ೧೯೮೪

ಬನಶಂಕರಿ,

ಇದಕ್ಕೆ ಅಂಚೆಚೀಟಿ ಹಚ್ಚುವುದಿಲ್ಲ.

ಇವತ್ತು ಒಂದನೇ ಕ್ಲಾಸಿಗೆ ಕಾಗದ, ತಂತಿ, ಫೋನು ಎಂಬ ಪದಗಳ ಪಾಠ. ಮಾದರಿಗೆಂದು, ಹೋದ ತಿಂಗಳು ನೀನು ಕಲ್ಯಾಣದುರ್ಗದ ಗಂಡನ ಮನೆಯಿಂದ ಬರೆದ ಕಾಗದವನ್ನೇ ಮಕ್ಕಳ ಕೈಗೆ ಕೊಟ್ಟೆ. ಅವರಿಗಿನ್ನೂ ಓದಲು ಬಾರದು ಎಂಬ ಧೈರ್ಯ.

"ಕಾಗದ ಬಂದರೆ ಏನು ಮಾಡಬೇಕು?"

"ಜವಾಬು ಬರೀಬೇಕು," ಎಂದಳು ನೇಕಾರರ ಹುಡುಗಿ ಚೌಡೇಶ್ವರಿ. "ನೀವು ಬರದ್ರಾ ಟೀಚರ್?"

ನಾನು ಮುಂದಿನ ಪದಕ್ಕೆ ಹೋದೆ. "ತಂತಿ ಬಂದರೆ?"

"ಯಾರೋ ಸತ್ತೋಗವ್ರೆ ಅಂತ."

ಒಳ್ಳೆಯ ಸುದ್ದಿಗೂ ತಂತಿ ಬರುತ್ತದೆಂದು ಗದರಿದೆ.

ಅಷ್ಟರಲ್ಲಿ ಪೋಸ್ಟ್‌ಮ್ಯಾನ್ ಕದಿರಪ್ಪ ಬಂದ. ದಿನಾ ಮೇಜಿನವರೆಗೆ ಬರುವವನು ಇವತ್ತು ಹೊಸಿಲು ದಾಟಲಿಲ್ಲ.

"ಕಲ್ಯಾಣದುರ್ಗದಿಂದ ತಂತಿ ಕಣಮ್ಮ. ಈಚೆ ಬಂದು ಇಸ್ಕೊಳ್ಳಿ."

ನಾನು ಏಳುವಷ್ಟರಲ್ಲಿ ಚೌಡೇಶ್ವರಿ ನಿನ್ನ ಕಾಗದದ ಮೇಲೆ ಬೆರಳಿಟ್ಟು, ಅಕ್ಷರ ಕೂಡಿಸಿಕೊಂಡು ಜೋರಾಗಿ ಓದತೊಡಗಿದಳು: "ಅಕ್ಕಾ, ಈ ವಾರವೇ ಬಂದು ನನ್ನನ್ನು ಕರಕೊಂಡು ಹೋಗು."